ನನ್ನ ಗಾಡಿ, ಅವನ ಒಂದೇ ಕಿಕ್ಕು

ಹೊಟ್ಟೆಕಿಚ್ಚು ಅಂದ್ರೆ ಇಲ್ಲದವನಿಗೆ ಇರೋವನ ಮೇಲೆ ಬರೋದು ಅಂತ ಎಲ್ಲರೂ ತಿಳ್ಕೊಂಡಿದಾರೆ. ನನ್ನದು ಉಲ್ಟಾ. ಮೋಟರ್ ಸೈಕಲ್ ಇದ್ದದ್ದು ನನ್ನ ಹತ್ರ. ಹೊಟ್ಟೆ ಉರಿದದ್ದು ಸೈಕಲ್ ತುಳೀತಿದ್ದ ನನ್ನ ಷಡ್ಡಕನ ಮೇಲೆ.

ಅರವತ್ತರ ದಶಕದ ಮಾತು. ಹೆಸರು ಬರೆಸಿ ವರ್ಷಗಟ್ಟಲೆ ಕಾದು ತಂದ ಗಾಡಿ ಅದು. ಮುನ್ನೂರೈವತ್ತು ಸಿಸಿ, ಕರೀ ಬಣ್ಣ, ಟ್ಯಾಂಕಿನ ಮೇಲೆ ಬಂಗಾರದ ಗೆರೆ. ಏರೋಡ್ರೋಮಿನ ಆಫೀಸರುಗಳನ್ನ ಬಿಟ್ರೆ ಯಲಹಂಕದ ನಮ್ಮ ಕಡೆ ಅಂಥ ಗಾಡಿ ಇಟ್ಕೊಂಡಿದ್ದವನು ನಾನೊಬ್ಬನೇ, ಒಬ್ಬ ಗುಮಾಸ್ತ. ಭಾನುವಾರ ಹೆಂಡತೀನ ಹಿಂದೆ ಕೂರಿಸ್ಕೊಂಡು ಹೆಬ್ಬಾಳದ ಮಾವನ ಮನೆಗೆ ಹೊರಟೆ ಅಂದ್ರೆ, ಜಕ್ಕೂರು ದಾಟೋವರೆಗೂ ಹೊಲದಲ್ಲಿ ಕೆಲಸ ಮಾಡೋರು ನಡು ಎತ್ತಿ ನೋಡೋರು. ಜೋರಾಗಿ ಓಡಿಸೋ ಗಾಡಿ ಅಲ್ಲ ಅದು. ಮೂವತ್ತು ಮೈಲಿ ವೇಗದಲ್ಲಿ, ನೆಟ್ಟಗೆ ಕೂತು, ಡುಗು ಡುಗು ಅಂತ ಹೋಗ್ತಾ ಇರಬೇಕು. ಆಗ ನನ್ನ ಮುಖ ನೋಡಿದ್ರೆ ಮೈಸೂರು ಅರಮನೇನೇ ನನ್ನ ಹೆಸರಿಗೆ ಬರೆದುಕೊಟ್ಟಂಗೆ ಇರ್ತಿತ್ತು ಅಂತ ನನ್ನ ಹೆಂಡತಿ ಈಗಲೂ ಆಡ್ಕೊಳ್ತಾಳೆ.

ಓಡಿಸೋದೇನೋ ಬರ್ತಿತ್ತು. ಸ್ಟಾರ್ಟ್ ಮಾಡೋದೇ ಬರ್ತಿರಲಿಲ್ಲ.

ಆ ಗಾಡಿಗೆ ಒಂದು ಮರ್ಯಾದೆ ಇತ್ತು. ಸುಮ್ನೆ ಒದ್ರೆ ಏಳೋದಲ್ಲ. ಹ್ಯಾಂಡಲಿನ ಪಕ್ಕದ ಸಣ್ಣ ಲಿವರ್ ಒತ್ತಿ, ಕಿಕ್ಕರನ್ನ ನಿಧಾನಕ್ಕೆ ಇಳಿಸ್ತಾ, ಹೆಡ್‌ಲೈಟಿನ ಮೇಲಿರೋ ಮೀಟರಿನ ಮುಳ್ಳು ನಡುವಿಗೆ ಬರೋದನ್ನ ಕಾಯಬೇಕು. ಬಂದ ತಕ್ಷಣ ಲಿವರ್ ಬಿಟ್ಟು ಒಂದೇ ಸಲ ಮೈಭಾರ ಹಾಕಿ ಒದೀಬೇಕು. ಮುಳ್ಳು ಒಂಚೂರು ಆಚೀಚೆ ಇತ್ತೋ, ಕಿಕ್ಕರ್ ತಿರುಗಿ ಬಂದು ಕಣಕಾಲಿಗೆ ಬಡಿಯೋದು. ನಾನು ಇದ್ದದ್ದೇ ನರಪೇತಲ. ನನ್ನ ಬಲಗಾಲಲ್ಲಿ ಗಂಟು ಇಲ್ಲದ ದಿನ ಇರಲಿಲ್ಲ.

ಒಂದು ಹಬ್ಬದ ದಿನ ಮಾವ ಪೇಟೆಗೆ ಹೊರಟಿದ್ರು. ಹೆಬ್ಬಾಳದಲ್ಲಿ ದ್ರಾಕ್ಷಿ ತೋಟ ಇಟ್ಟಿದ್ದ ಗಟ್ಟಿ ಮನುಷ್ಯ, ಪೇಟಾ ಸುತ್ತಿ, ಕಂಕುಳಲ್ಲಿ ಕೊಡೆ ಇಟ್ಕೊಂಡು ನನ್ನ ಗಾಡಿ ಹಿಂದೆ ಕೂತ್ರು. ಅತ್ತೆ, ಮೂವರು ಹೆಣ್ಮಕ್ಕಳು, ತೋಟದ ಆಳುಗಳು, ಎಲ್ಲಾ ಜಗಲಿ ಮೇಲೆ. ಒದ್ದೆ. ಇಲ್ಲ. ಇನ್ನೊಂದ್ಸಲ ಒದ್ದೆ. ಊಹೂಂ. ಹನ್ನೊಂದು ಸಲ ಒದ್ದಿದ್ದು ಲೆಕ್ಕ ಇದೆ, ಯಾಕಂದ್ರೆ ನನ್ನ ನಾದಿನಿ, ಹೆಂಡತಿಯ ಕೊನೇ ತಂಗಿ, ಬಾಯಿಗೆ ಸೆರಗು ಅಡ್ಡ ಇಟ್ಕೊಂಡು ಎಣಿಸ್ತಾ ಇದ್ಲು. ಮಾವ ಇಳಿದೇ ಬಿಟ್ರು.

ಆಗ ನಡುವಿನ ಮಗಳ ಗಂಡ, ನನ್ನ ಷಡ್ಡಕ, ಕೈ ಒರೆಸ್ಕೊಂಡು ಬಂದ. ಯಶವಂತಪುರದ ಒಂದು ವರ್ಕ್‌ಶಾಪಲ್ಲಿ ಫಿಟ್ಟರ್ ಅವನು. "ಅಣ್ಣ, ನಾನೊಂದ್ಸಲ ನೋಡ್ಲಾ?" ಅಂದ. ಬೇಡ ಅನ್ನೋಕಾಗತ್ತಾ? ಮುಳ್ಳಿನ ಕಡೆ ನೋಡಲೂ ಇಲ್ಲ ಆ ಪುಣ್ಯಾತ್ಮ. ಬೆಣ್ಣೇಲಿ ಕೂದಲು ತೆಗೆದಂಗೆ, ಒಂದೇ ಕಿಕ್ಕು. ಡುಗು ಡುಗು ಡುಗು.

"ಅಯ್ಯೋ ಅಳಿಯಂದ್ರೇ, ಇದು ಅವ್ರ ಕೈಗೇ ಸರಿ ಕಣ್ರೀ" ಅಂದ್ರು ಮಾವ ನನಗೆ. ಅವನ ಹಿಂದೆ ಹತ್ತಿ ಹೋಗೇಬಿಟ್ರು. ನನ್ನ ಗಾಡಿ, ನನ್ನ ಪೆಟ್ರೋಲು, ಅವನ ಹಿಂದೆ ನನ್ನ ಮಾವ! ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತ ಗಾದೆ ಹೇಳ್ತಾರಲ್ಲ, ಅವತ್ತು ನನ್ನ ಕಡಲೇನ ನನ್ನ ಕಣ್ಣೆದುರಿಗೇ ಇನ್ನೊಬ್ಬ ಕಟಕಟ ಅಗಿದಂಗಾಯ್ತು. ಮೈಯೆಲ್ಲ ಉರಿದುಹೋಯ್ತು.

ಅಲ್ಲಿಂದ ಅದೇ ರೂಢಿ ಆಯ್ತು. ಮಾವನಿಗೆ ಎಲ್ಲಿಗೇ ಹೋಗಬೇಕಾದ್ರೂ ಗಾಡಿ ನನ್ನದು, ಸವಾರ ಅವನು. ಜಗಳ ಆಡೋಣ ಅಂದ್ರೆ ಅವನು ಜಗಳಕ್ಕೆ ಸಿಗೋ ಮನುಷ್ಯನೇ ಅಲ್ಲ. ವಾಪಸ್ ತಂದಾಗ ಮಡ್‌ಗಾರ್ಡು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ನಿಲ್ಲಿಸ್ತಿದ್ದ. ಅದಕ್ಕೂ ನನಗೆ ಹೊಟ್ಟೆ ಉರಿಯೋದು.

ಅಷ್ಟರಲ್ಲಿ ನಾದಿನಿಗೆ ಮಾಕಳಿ ಕಡೆಯ ಒಂದು ಸಂಬಂಧ ಕೂಡಿಬಂತು. ಹುಡುಗ ಸ್ಕೂಲ್ ಮೇಷ್ಟ್ರು. ಬಂದು ಹುಡುಗೀನ ನೋಡ್ಕೊಂಡು ಹೋಗಿದ್ದ, ಒಪ್ಪಿದ್ದ. ಇವಳಂತೂ ಅವತ್ತಿಂದ ಸುಮ್ಸುಮ್ನೆ ನಗೋದು, ಸಾರಿಗೆ ಎರಡು ಸಲ ಉಪ್ಪು ಹಾಕೋದು. ಇನ್ನು ನಾವು ಹೋಗಿ ಅವರ ಮನೆ ನೋಡಿ, ವೀಳ್ಯ ಬದಲಾಯಿಸಿದ್ರೆ ಮಾತು ಮುಗಿದಂಗೆ. ಭಾನುವಾರ ಗೊತ್ತಾಯ್ತು. ನಾಲ್ಕೂವರೆಗೆ ರಾಹುಕಾಲ, ಅದರೊಳಗೆ ಚಾಪೆ ಮೇಲೆ ಕೂತಿರಬೇಕು. ಇಂಥ ಮಾತುಕತೇಲಿ ಹಿರೀ ಅಳಿಯ ಮಾವನ ಬಲಗಡೆ ಕೂರೋದು ನಮ್ಮವರ ಪದ್ಧತಿ. ಮಾತು ಶುರು ಮಾಡೋನೂ ಅವನೇ. ಹಾಗಾಗಿ ಮಾವನ್ನ ಕರ್ಕೊಂಡು ಹೋಗೋದು ನಾನೇ ಅಂತ ಎಣಿಸ್ಕೊಂಡು ಇಸ್ತ್ರಿ ಬಟ್ಟೆ ಹಾಕ್ಕೊಂಡು ಬಂದಿದ್ದೆ.

ಊಟ ಆದ ಮೇಲೆ ಮಾವ ಅಂದ್ರು: "ನೀವು ಬಸ್ಸಲ್ಲಿ ಮುಂದಾಗಿ ಓಗಿರಿ ಅಳಿಯಂದ್ರೇ. ಅವ್ರು ಗಾಡೀಲಿ ನನ್ನ ಕರ್ಕಂಡ್ ಬತ್ತಾರೆ. ಒತ್ತು ಮೀರೋ ಅಂಗಿಲ್ಲ ನೋಡಿ, ಅದಕ್ಕೇಯ."

ನನ್ನ ಗಾಡಿ ಇಟ್ಕೊಂಡು ನಾನು ಬಸ್ಸಲ್ಲಿ!

ಷಡ್ಡಕ ಗಾಡಿ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷ ಎಂಜಿನ್ ಬಿಸಿ ಮಾಡಿ, ಆಫ್ ಮಾಡಿಟ್ಟು, ಷರ್ಟು ಬದಲಾಯಿಸೋಕೆ ಒಳಗೆ ಹೋದ. ಅಂಗಳದಲ್ಲಿ ನಾನೂ ಗಾಡಿಯೂ ಇಬ್ಬರೇ. ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡೋಕೆ ಒಂದು ಪುಟ್ಟ ನಲ್ಲಿ ಇರತ್ತೆ. ಬಗ್ಗಿ ಅದನ್ನ ತಿರುಗಿಸಿ ಮುಚ್ಚಿಬಿಟ್ಟೆ. ಹಾಗೆ ಮುಚ್ಚಿದ್ರೂ ಪೈಪಲ್ಲಿ ಉಳಿದಿರೋ ಪೆಟ್ರೋಲಿಗೆ ಗಾಡಿ ಸ್ಟಾರ್ಟ್ ಆಗತ್ತೆ, ಒಂದಷ್ಟು ದೂರ ಓಡತ್ತೆ, ಆಮೇಲೆ ಕೆಮ್ಮಿ ನಿಂತುಹೋಗತ್ತೆ. ಮಾವನ ಎದುರಿಗೆ ಅವನೂ ಒಂದ್ಸಲ ಬೆವರಲಿ, ಕಿಕ್ ಹೊಡೆದೂ ಹೊಡೆದೂ ಸಾಕಾಗಲಿ, ತಡವಾಗಿ ಬಂದು ನನ್ನ ಮುಂದೆ ತಲೆ ತಗ್ಗಿಸಲಿ. ಅಷ್ಟೇ ನನಗೆ ಬೇಕಾಗಿದ್ದು, ದೇವರಾಣೆ. ಮುಚ್ಚಿ, ಕೈ ಒರೆಸ್ಕೊಂಡು ಬಸ್ ಸ್ಟಾಪಿಗೆ ನಡೆದೆ.

ಯಶವಂತಪುರದಲ್ಲಿ ಬಸ್ ಬದಲಾಯಿಸಿ ಮಾಕಳಿ ಸೇರಿದಾಗ ಮೂರೂಮುಕ್ಕಾಲು. ಚಾಪೆ ಹಾಸಿದ್ರು, ತಟ್ಟೇಲಿ ವೀಳ್ಯದೆಲೆ ಜೋಡಿಸಿಟ್ಟಿದ್ರು. ಹುಡುಗನ ತಂದೆ "ಬನ್ನಿ ಬನ್ನಿ" ಅಂತ ಎದ್ದು ಬಂದ್ರು. ಹುಡುಗ ತಾನೇ ಮಜ್ಜಿಗೆ ತಂದುಕೊಟ್ಟ. ಒಳ್ಳೇ ಕಣ್ಣು, ಮೆಲು ಮಾತು. ಸುಮ್ನೆ ಅಂದಂಗೆ "ಮನೇಲಿ ಎಲ್ಲಾ ಚೆನ್ನಾಗಿದಾರಾ?" ಅಂತ ಕೇಳಿದ. ಯಾರನ್ನ ಕೇಳ್ತಿದಾನೆ ಅಂತ ನನಗೆ ಗೊತ್ತಾಗದೇ ಇರತ್ತಾ!

ನಾಲ್ಕಾಯ್ತು. ನಾಲ್ಕೂಕಾಲಾಯ್ತು. ಮೊದಮೊದಲು ಒಳಗೊಳಗೇ ಖುಷಿಯಾಗ್ತಿತ್ತು. ಒದ್ದು ಒದ್ದು ಸಾಯ್ತಾ ಇರಬೇಕು ಮಗ, ಅಂದ್ಕೊಂಡೆ. ನಾಲ್ಕೂವರೆ ಆದಾಗ ಹುಡುಗನ ತಂದೆ ಎದ್ದು ವೀಳ್ಯದ ತಟ್ಟೆ ಒಳಗಿಟ್ರು. ರಾಹುಕಾಲ ಕಳೆದು ಆರಾದರೂ ತುಮಕೂರು ರಸ್ತೇಲಿ ನನ್ನ ಗಾಡಿ ಸದ್ದು ಕೇಳಲಿಲ್ಲ. "ಬರೋಕೆ ಮನಸ್ಸಿಲ್ಲದಿದ್ರೆ ಮೊದಲೇ ಹೇಳಿ ಕಳಿಸಬಹುದಿತ್ತು" ಅಂದ್ರು ಅವರು. ಮಾತು ಶುರು ಮಾಡಬೇಕಾದ ಹಿರೀ ಅಳಿಯ, ಚಪ್ಪಲಿ ಮೆಟ್ಟಿಕೊಂಡು ಬಂದ ದಾರಿ ಹಿಡಿದೆ.

ಹೆಬ್ಬಾಳಕ್ಕೆ ಬಂದು ನೋಡಿದ್ರೆ ಗಾಡಿ ಅಂಗಳದಲ್ಲೇ ನಿಂತಿದೆ. ಮಾವ ಜಗಲಿ ಮೇಲೆ ಕೂತಿದಾರೆ. ಮತ್ತೀಕೆರೆ ಬರೋಕೂ ಮೊದಲೇ ಗಾಡಿ ನಿಂತಿತಂತೆ. ಷಡ್ಡಕ ಬಗ್ಗಿ ನೋಡಿದವನೇ ಅರೆ ನಿಮಿಷದಲ್ಲಿ ಸರಿ ಮಾಡಿದ್ನಂತೆ. ಒಂದೇ ಕಿಕ್ಕಿಗೆ ಮತ್ತೆ ಎದ್ದಿತಂತೆ. ಆದ್ರೆ ಮಾವ ಹತ್ತಲಿಲ್ಲ.

"ಎಣ್ಮಗಳ ಕೆಲ್ಸಕ್ಕೆ ಓಗ್ತಾ ನಡು ದಾರೀಲಿ ಗಾಡಿ ನಿಂತ್ರೆ, ಇನ್ನೇನ್ ಶಕುನ ಬೇಕು? ಆ ಮನೆ ಸಂಬಂಧವೇ ಬ್ಯಾಡ" ಅಂದ್ರು.

ಬೆಕ್ಕು ಅಡ್ಡ ಬಂತು ಅಂತ ದ್ರಾಕ್ಷಿ ತುಂಬಿದ ಎತ್ತಿನ ಗಾಡೀನ ವಾಪಸ್ ಹೊಡೆಸಿದ ಮನುಷ್ಯ ಅವರು. ಹತ್ತು ವರ್ಷದಿಂದ ಬಲ್ಲೆ. ನಲ್ಲಿ ತಿರುಗಿಸೋವಾಗ ನನ್ನ ತಲೆಗೆ ಅದು ಹೊಳೀಲೇ ಇಲ್ಲ. ಕಿಚ್ಚು ಹತ್ತಿದ ಹೊಟ್ಟೆಗೆ ಷಡ್ಡಕನ ಮುಖ ಬಿಟ್ಟು ಬೇರೇನೂ ಕಾಣ್ತಿರಲಿಲ್ಲ.

"ಯಾಕಪ್ಪಾ ನಿಂತಿತು?" ಅಂತ ಷಡ್ಡಕನ್ನ ಕೇಳಿದೆ. ಕೇಳದೇ ಇದ್ರೆ ಅನುಮಾನ ಬರತ್ತಲ್ಲ.

ಅವನು ನನ್ನ ಮುಖಾನೇ ನೋಡಿದ. ಎಂಜಿನ್ ಬಿಸಿ ಮಾಡುವಾಗ ನಲ್ಲಿ ತೆಗೆದಿದ್ದವನು ಅವನೇ. ಆಮೇಲೆ ಅಂಗಳದಲ್ಲಿ ಯಾರಿದ್ರು ಅನ್ನೋದೂ ಅವನಿಗೆ ಗೊತ್ತು. "ನಾನೇ ಪೆಟ್ರೋಲ್ ನಲ್ಲಿ ತೆಗೆಯೋದು ಮರೆತಿದ್ದೆ ಅಣ್ಣ" ಅಂದ, ಎಲ್ಲರಿಗೂ ಕೇಳೋ ಹಾಗೆ. "ತಪ್ಪು ನಂದೇ."

ಬೈದಿದ್ರೆ ಬದುಕ್ಕೊಳ್ತಿದ್ದೆ. ಅವತ್ತೂ ನನಗೆ ಅವನ ಮೇಲೆ ಹೊಟ್ಟೆ ಉರಿದದ್ದು ಸುಳ್ಳಲ್ಲ. ಅಂಥದೊಂದು ಮಾತು ಹೇಳೋ ಗುಂಡಿಗೆ ದೇವರು ಅವನಿಗ್ಯಾಕೆ ಕೊಟ್ಟ, ನನಗ್ಯಾಕೆ ಕೊಡಲಿಲ್ಲ?

ಷಡ್ಡಕ ಮಾರನೇ ದಿನವೇ ಒಬ್ಬನೇ ಮಾಕಳಿಗೆ ಹೋಗಿ ಅವರ ಕಾಲಿಗೆ ಬಿದ್ದು ಕೇಳ್ಕೊಂಡ್ನಂತೆ. ಅವರೂ ಬೇಡ ಅಂದ್ರು, ಮಾವನೂ ಜಗ್ಗಲಿಲ್ಲ. ಎರಡು ತಿಂಗಳಿಗೆ ಆ ಮೇಷ್ಟ್ರಿಗೆ ಬೇರೆ ಕಡೆ ಮದುವೆ ಆಯ್ತು.

ಮಾವ ಮತ್ತೆಂದೂ ಷಡ್ಡಕನ ಹಿಂದೆ ಕೂರಲಿಲ್ಲ. ನಾನು ಎಷ್ಟು ಸಲ ಒದ್ರೂ ಕೊಡೆ ಹಿಡ್ಕೊಂಡು ಸಮಾಧಾನವಾಗಿ ಕಾಯ್ತಿದ್ರು. "ನಿಧಾನ ಆದ್ರೂ ನೀವು ನಂಬಿಕಸ್ತರು" ಅಂತಿದ್ರು. ನನಗೆ ಬೇಕಾಗಿದ್ದು ಅದೇ ತಾನೇ? ಸಿಕ್ಕಿತು.

ಮರುವರ್ಷ ಇನ್ನೊಂದು ಗಂಡು ನೋಡೋಕೆ ನಾನೂ ಮಾವನೂ ಹೊರಟೆವು. ನಾದಿನಿ ನನಗೆ ಕಾಫಿ ತಂದುಕೊಟ್ಲು. ವರ್ಷದಲ್ಲಿ ಇಳಿದುಹೋಗಿದ್ಲು. ಲೋಟ ಕೊಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತ್ಲು.

"ಭಾವ, ಮಾಕಳಿಗೂ ಅವತ್ತು ನೀವೇ ಓಡಿಸಬೇಕಾಗಿತ್ತು" ಅಂದ್ಲು. "ನೀವಾಗಿದ್ರೆ ಮರೀತಿರಲಿಲ್ಲ."