ನಗು ಮುಗಿದ ಮೇಲೆ ಬರುವ ಸಹಿಯಕ್ಕ

ಬೆಳಗಿನ ಐದೂ ಮುಕ್ಕಾಲು. ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಹಳೆಯ ವ್ಯಾನೊಂದು ನಿಂತಿದೆ. ಮೈಮೇಲೆ ‘ಬಟ್ಟೆ ಒಗೆದು, ಇಸ್ತ್ರಿ ಮಾಡಿಕೊಡಲಾಗುವುದು’ ಎಂದು ಬರೆದಿದೆ. ಒಳಗೆ ಒಂದು ಬಟ್ಟೆಯೂ ಇಲ್ಲ. ಏಳು ಜನ, ನಾಲ್ಕು ಪುಟ್ಟ ಪರದೆಗಳು ಮತ್ತು ಉಸಿರು ಬಿಗಿಹಿಡಿದ ಮೌನ ಇವೆ. ಬಾಗಿಲಿನ ಪಕ್ಕ, ಬೋರಲು ಹಾಕಿದ ಪೇಂಟ್ ಡಬ್ಬಿಯ ಮೇಲೆ ಐವತ್ತೆರಡು ವರ್ಷದ ಹೆಂಗಸೊಬ್ಬರು ಕೂತಿದ್ದಾರೆ. ತೊಡೆಯ ಮೇಲೆ ರಟ್ಟಿನ ಹಲಗೆ, ಅದಕ್ಕೆ ಸಿಕ್ಕಿಸಿದ ಹಾಳೆ, ಎರಡು ಪೆನ್ನು. ಹೆಗಲಿನ ಚೀಲದಲ್ಲಿ ಒಂದು ಬಾಟಲಿ ನೀರು. ಬಾಟಲಿಯ ಹಿಂದೆ ನಾಲ್ಕಾಗಿ ಮಡಿಸಿದ ಹಳೆಯ ಹಾಳೆಯೊಂದಿದೆ. ಬೆಳಗಿನಿಂದ ಮೂರು ಸಲ ಅದನ್ನು ಮುಟ್ಟಿ ನೋಡಿಕೊಂಡಿದ್ದಾರೆ.

ಪರದೆಯ ಮೇಲೆ ಒಬ್ಬ ಉದ್ದನೆಯ ಮನುಷ್ಯ ಕಾರಿನ ಸೀಟಿನ ಹೊದಿಕೆಯನ್ನು ಮೈಗೆ ಸುತ್ತಿಕೊಂಡು ನಡುಗುತ್ತಿದ್ದಾನೆ. ತಾನು ಸ್ನಾನಕ್ಕೆ ಹೋದಾಗ ಜೊತೆಗಿದ್ದ ಗೆಳೆಯ ಬಟ್ಟೆ, ಕಾರು ಎರಡನ್ನೂ ತೆಗೆದುಕೊಂಡು ಹೋಗಿಬಿಟ್ಟ ಎಂದು ಬಂಕಿನ ಕೆಲಸಗಾರನ ಮುಂದೆ ಅಳುತ್ತಿದ್ದಾನೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ಕೆಲಸಗಾರ ತನ್ನ ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕುತ್ತಾನೆ. ಆಮೇಲೆ ತನ್ನದೇ ಫೋನಿನಿಂದ ಆ ಗೆಳೆಯನಿಗೆ ಕರೆ ಮಾಡಿ, ‘ನೀನೇನ್ ಮನುಷ್ಯನಾ? ಜೊತೇಲಿ ಬಂದೋನನ್ನ ಬೀದೀಲಿ ಬಿಟ್ಟು ಹೋಗ್ತೀಯಲ್ಲ, ನಾಚಿಕೆ ಆಗಲ್ವಾ?’ ಎಂದು ಬೈಯುತ್ತಾನೆ. ವ್ಯಾನಿನೊಳಗೆ ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಗು ನುಂಗುತ್ತಿದ್ದಾರೆ. ಬಾಗಿಲ ಪಕ್ಕದ ಹೆಂಗಸು ಮಾತ್ರ ನಗುತ್ತಿಲ್ಲ. ಅವರ ಕಣ್ಣು ಕೆಲಸಗಾರನ ಕೈಗಳ ಮೇಲಿದೆ.

‘ಸಾಕು. ಅಕ್ಕಾ, ಹೊರಡಿ,’ ಎನ್ನುತ್ತಾನೆ ನಿರ್ದೇಶಕ. ಕ್ಯಾಮೆರಾಗಳು ನಿಲ್ಲುತ್ತವೆ. ಆಗ ಅವರ ಕೆಲಸ ಶುರು.

ಇದು ಇಬ್ಬರು ಗೆಳೆಯರು ಕಾರಿನಲ್ಲಿ ಊರೂರು ಸುತ್ತುವ ಹಾಸ್ಯ ಚಿತ್ರ. ನಟರು ಆ ಇಬ್ಬರೇ, ಒಬ್ಬ ಉದ್ದ, ಒಬ್ಬ ಗಿಡ್ಡ. ದಾರಿಯಲ್ಲಿ ಸಿಗುವವರೆಲ್ಲ ನಿಜವಾದ ಜನ. ಬಚ್ಚಿಟ್ಟ ಕ್ಯಾಮೆರಾದ ಸುಳಿವು ಅವರಿಗಿರುವುದಿಲ್ಲ. ಅವರ ಮುಖ ತೆರೆಗೆ ಬರಬೇಕಾದರೆ ಅವರ ಒಪ್ಪಿಗೆ ಬೇಕು. ಕುಚೇಷ್ಟೆ ಮುಗಿದ ಕೂಡಲೇ ಹೋಗಿ, ನಡೆದದ್ದು ಸುಳ್ಳೆಂದು ತಿಳಿಸಿ, ಒಪ್ಪಿಗೆಯ ಹಾಳೆಗೆ ಸಹಿ ಹಾಕಿಸಿಕೊಂಡು ಬರುವುದು ಈ ಹೆಂಗಸಿನ ಕೆಲಸ. ತಂಡದ ಬಾಯಲ್ಲಿ ಅವರು ಸಹಿಯಕ್ಕ.

ಸಹಿಯಕ್ಕ ಮೊದಲು ಹಾಳೆ ತೋರಿಸುವುದಿಲ್ಲ. ಬಾಟಲಿ ಚಾಚುತ್ತಾರೆ. ‘ಅಣ್ಣಾ, ನೀರು ಕುಡೀರಿ. ಇಲ್ಲಿ ಕೂತ್ಕೊಳ್ಳಿ.’ ಕೆಲಸಗಾರ ಕೂತ ಮೇಲೆ ನಿಧಾನವಾಗಿ ಹೇಳುತ್ತಾರೆ, ‘ಇದು ಸಿನಿಮಾ. ಅವರಿಬ್ಬರೂ ನಟರು. ನೀವು ಮಾಡಿದ್ದು ಮಾತ್ರ ನಿಜ.’

ಆತ ಎದುರಿಗೆ ನಿಂತ ಉದ್ದನನ್ನು ನೋಡುತ್ತಾನೆ. ‘ಹಾಗಾದ್ರೆ ಅವರಿಗೆ ಚಳಿ ಆಗ್ತಿರ್ಲಿಲ್ವಾ?’

‘ಚಳಿ ಆಗ್ತಿತ್ತು.’

‘ಅದೊಂದಾದ್ರೂ ನಿಜ ಅನ್ನಿ,’ ಎಂದು ಆತ ಕೋಟು ವಾಪಸು ತೆಗೆದುಕೊಳ್ಳುತ್ತಾನೆ. ಸಹಿಯಕ್ಕ ಹಾಳೆಯ ಹತ್ತೊಂಬತ್ತು ಸಾಲುಗಳನ್ನೂ ಓದಿ ಹೇಳುತ್ತಾರೆ. ಅದಕ್ಕೆ ನಾಲ್ಕು ನಿಮಿಷ ಬೇಕು. ಆತನ ಕೈ ನಡುಕ ನಿಂತಿದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಪೆನ್ನು ಕೊಡುತ್ತಾರೆ.

ಈ ಕೆಲಸಕ್ಕೆ ಬರುವ ಮೊದಲು ಹದಿನಾಲ್ಕು ವರ್ಷ ಅವರು ಆಸ್ಪತ್ರೆಯೊಂದರ ಕಿಟಕಿಯ ಹಿಂದೆ ಕೂತಿದ್ದರು. ಶಸ್ತ್ರಚಿಕಿತ್ಸೆಗೆ ಮುಂಚೆ ಮನೆಯವರಿಂದ ಸಹಿ ಹಾಕಿಸಿಕೊಳ್ಳುವ ಕಿಟಕಿ. ‘ಅಲ್ಲಿ ಕಲಿತಿದ್ದು ಒಂದೇ,’ ಎನ್ನುತ್ತಾರೆ. ‘ಹೆದರಿದ ಮನುಷ್ಯ ಏನು ಕೊಟ್ರೂ ಸಹಿ ಹಾಕ್ತಾನೆ. ನಿನ್ನ ಮನೆ ಬರ್ಕೊಡು ಅಂದ್ರೂ ಹಾಕ್ತಾನೆ. ಅದಕ್ಕೇ ಹೆದರಿಕೆ ಇಳಿಯೋ ತನಕ ಪೆನ್ನು ಕೊಡಬಾರದು.’ ಕಿಟಕಿಯ ಜಾಗಕ್ಕೆ ಯಂತ್ರ ಬಂದಾಗ ಕೆಲಸ ಹೋಯಿತು. ಚಿತ್ರತಂಡದ ವ್ಯಾನು ಓಡಿಸುತ್ತಿದ್ದ ಮೈದುನ ಇಲ್ಲಿಗೆ ಕರೆತಂದ. ಒಂಬತ್ತು ವರ್ಷವಾಯಿತು. ಇದು ನಾಲ್ಕನೆಯ ಚಿತ್ರ.

ಗಂಡ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಾರೆ. ‘ನಮ್ಮಿಬ್ರದ್ದೂ ಒಂದೇ ಕಸುಬು. ನಮ್ಮನ್ನ ಕಂಡ್ರೆ ಜನ ಮುಖ ತಿರುಗಿಸ್ಕೋತಾರೆ,’ ಎಂದು ಅವರು ಊಟಕ್ಕೆ ಕೂತಾಗ ಹೇಳುವುದುಂಟು. ಹೆಂಡತಿ ಅದಕ್ಕೆ ಪ್ರತಿ ಸಲ ನಗುತ್ತಾರೆ. ಹೊರಗೆ ನಗದಿರುವುದು ಅಭ್ಯಾಸವಾಗಿಬಿಟ್ಟ ಅವರಿಗೆ ಮನೆಯಲ್ಲಿ ಒಂದಾದರೂ ಹಾಸ್ಯ ಬೇಕಲ್ಲ.

ಈ ಚಿತ್ರಕ್ಕೆ ನಲವತ್ತೆರಡು ದಿನ ವ್ಯಾನು ಓಡಿದೆ, ಎರಡು ಸಾವಿರದ ಆರುನೂರು ಕಿಲೋಮೀಟರ್. ಕುಚೇಷ್ಟೆಗೆ ಸಿಕ್ಕವರು ಮುನ್ನೂರ ಹನ್ನೊಂದು ಜನ. ಸಹಿ ಹಾಕಿದವರು ಇನ್ನೂರ ಹದಿನಾಲ್ಕು. ಎರಡು ಸಲ ಸಹಿಯಕ್ಕನ ಕೆನ್ನೆಗೆ ಏಟು ಬಿದ್ದಿದೆ. ಏಟು ಬೀಳಬೇಕಾದ್ದು ನಟರಿಗೆ, ಆದರೆ ಅಷ್ಟರಲ್ಲಿ ಅವರು ಕಾರಿನೊಳಗೆ ಸೇರಿರುತ್ತಾರೆ. ‘ಅತ್ತವರು ಎಷ್ಟು ಜನ?’ ಎಂದು ಕೇಳಿದರೆ, ‘ಅದನ್ನ ಎಣಿಸಲ್ಲ,’ ಎನ್ನುತ್ತಾರೆ. ವ್ಯಾನಿನಲ್ಲಿ ಒಮ್ಮೊಮ್ಮೆ ಮೂರು ತಾಸು ಅಲ್ಲಾಡದೆ ಕೂರಬೇಕು. ಕೆಮ್ಮುವಂತಿಲ್ಲ, ಶೌಚಕ್ಕೆ ಇಳಿಯುವಂತಿಲ್ಲ. ಮೊಣಕಾಲು ಹಿಡಿದುಕೊಂಡಿರುತ್ತದೆ, ಆದರೂ ಹೇಳಿದ ಕ್ಷಣ ಎದ್ದು ಓಡಬೇಕು. ಚಿತ್ರದಲ್ಲಿ ಅವರು ಎಲ್ಲಿಯೂ ಇಲ್ಲ. ಅವರು ಬರುವುದು ಕ್ಯಾಮೆರಾ ನಿಂತ ಮೇಲೆ.

ಮೊದಲ ಎರಡು ಚಿತ್ರಗಳಲ್ಲಿ ಆ ಪೇಂಟ್ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಇತ್ತು. ಅದರ ಮೇಲೆ ಕೂರುತ್ತಿದ್ದವರು ನಟರಿಗೆ ಮೀಸೆ, ಮಚ್ಚೆ, ಗಾಯ ಅಂಟಿಸುತ್ತಿದ್ದ ಮೇಕಪ್‌ನವರು. ಎಲ್ಲರಿಗೂ ಬಣ್ಣದಕ್ಕ, ಸಹಿಯಕ್ಕನಿಗೆ ಬರೀ ಬಣ್ಣ. ಮಾತಾಡುವಂತಿಲ್ಲದ ವ್ಯಾನಿನಲ್ಲಿ ಇಬ್ಬರೂ ಬೆರಳಿನಲ್ಲೇ ಒಂದು ಭಾಷೆ ಮಾಡಿಕೊಂಡಿದ್ದರು. ಮೊಣಕಾಲಿಗೆ ಒಂದು ಸಲ ತಟ್ಟಿದರೆ ಟೀ ಬೇಕು. ಎರಡು ಸಲವಾದರೆ ಕೆಳಗಿಳಿಯಲೇಬೇಕು, ತಡೆಯೋಕಾಗಲ್ಲ. ಮೂರು ಸಲ ಎಂದರೆ ನಗು ಬರ್ತಿದೆ, ಗಿಲ್ಲು ನನ್ನ.

ಸಹಿಯಕ್ಕ ಜನರಿಗೆ ಒಪ್ಪಿಗೆ ಹಾಳೆ ಓದುವಾಗ ಬಣ್ಣದಕ್ಕನೂ ಇಳಿದು ಬಂದು ಪಕ್ಕ ಕೂರುತ್ತಿದ್ದರು, ಹನ್ನೊಂದನೆಯ ಸಾಲು ಬಂದಾಗಲೆಲ್ಲ ಮೂರು ಸಲ ತಟ್ಟುತ್ತಿದ್ದರು. ‘ಈ ದೃಶ್ಯವನ್ನು ಭೂಮಿಯ ಮೇಲಾಗಲಿ, ಭೂಮಿಯ ಆಚೆಗಾಗಲಿ, ಎಲ್ಲಿಯೂ ತೋರಿಸಲು ನನ್ನ ಆಕ್ಷೇಪಣೆ ಇರುವುದಿಲ್ಲ’ ಎಂಬ ಸಾಲು ಅದು. ‘ಭೂಮಿಯ ಆಚೆ ಯಾರೇ ನೋಡ್ತಾರೆ? ಅಲ್ಲೂ ಇಂಟರ್ವೆಲ್ ಬಿಡ್ತಾರೇನೇ?’ ಎಂದು ಆಮೇಲೆ ಕೇಳಿ ಇನ್ನಷ್ಟು ನಗಿಸುತ್ತಿದ್ದರು.

ತಂಡದಲ್ಲಿ ಒಂದು ರೂಢಿಯಿದೆ. ಚಿತ್ರೀಕರಣದ ಕೊನೆಯ ದಿನ ತಮ್ಮವರಲ್ಲೇ ಒಬ್ಬರನ್ನು ಬೇಸ್ತು ಬೀಳಿಸಬೇಕು. ಆರು ವರ್ಷದ ಹಿಂದೆ, ಎರಡನೆಯ ಚಿತ್ರದ ಕೊನೆಯಲ್ಲಿ ಸರದಿ ಬಣ್ಣದಕ್ಕನದು. ಕನ್ನಡಿಯ ಹಿಂದೆ ಕ್ಯಾಮೆರಾ ಇಟ್ಟರು. ಉದ್ದನೆಯ ನಟ ಹೋಗಿ, ‘ಮುಂದಿನ ಸಿನಿಮಾಕ್ಕೆ ನೀವು ಬೇಡ್ವಂತೆ. ಹಾಗಂತ ಹೇಳಿದ್ದೇ ಸಹಿಯಕ್ಕ,’ ಎನ್ನಬೇಕು. ಬಣ್ಣದಕ್ಕನ ಬಾಯಿ ದೊಡ್ಡದು. ಕೆರಳಿ ಬೈಯುತ್ತಾರೆ, ಎಲ್ಲರೂ ನಗೋಣ ಎಂಬುದು ಲೆಕ್ಕಾಚಾರ. ಸಹಿಯಕ್ಕನಿಗೆ ಹಿಂದಿನ ದಿನವೇ ತಿಳಿಸಿದ್ದರು. ಅವರು ಬೇಡ ಎನ್ನಲಿಲ್ಲ.

ಬಣ್ಣದಕ್ಕ ಬೈಯಲಿಲ್ಲ. ‘ಅವಳು ಹೇಳಿದ್ದಾಳೆ ಅಂದ್ರೆ ಏನೋ ಕಾರಣ ಇರುತ್ತೆ ಬಿಡು,’ ಎಂದರು. ಆಮೇಲೆ ಕುಂಚಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಇಡತೊಡಗಿದರು. ವ್ಯಾನಿನಲ್ಲಿ ಯಾರೂ ನಗಲಿಲ್ಲ. ‘ಅಕ್ಕಾ, ಹೊರಡಿ,’ ಎಂದ ನಿರ್ದೇಶಕ.

ಆ ದಿನ ಸಹಿಯಕ್ಕ ಓಡಿದರು. ನೂರಾರು ಜನಕ್ಕೆ ಮಾಡಿದ್ದನ್ನು ಗೆಳತಿಗೆ ಮಾಡಲಿಲ್ಲ. ಕೂರಿಸಲಿಲ್ಲ, ನೀರು ಕೊಡಲಿಲ್ಲ, ಒಂದು ಸಾಲನ್ನೂ ಓದಲಿಲ್ಲ. ಬೇಗ ಮುಗಿಸಿಬಿಟ್ಟರೆ ಆದದ್ದು ಆಗದ ಹಾಗಾಗುತ್ತದೆ ಎಂದುಕೊಂಡರೋ ಏನೋ, ‘ಎಲ್ಲ ಸುಳ್ಳು ಕಣೇ, ಇಲ್ಲಿ ಸಹಿ ಹಾಕು,’ ಎಂದು ಒಂದೇ ಉಸಿರಿಗೆ ಹಲಗೆ ಮುಂದೆ ಹಿಡಿದರು. ಬಣ್ಣದಕ್ಕ ಸಹಿ ಹಾಕಿದರು. ‘ನಿನಗೆ ಮೊದಲೇ ಗೊತ್ತಿತ್ತಾ?’ ಎಂದು ಕೇಳಿದರು. ‘ಗೊತ್ತಿತ್ತು.’ ಅಷ್ಟೇ. ಮುಂದಿನ ಚಿತ್ರಕ್ಕೆ ಅವರು ಬರಲಿಲ್ಲ. ಆರು ವರ್ಷ ಒಂದು ಮಾತೂ ಇಲ್ಲ.

ಈಗ, ನಾಲ್ಕು ದಿನದ ಹಿಂದೆ, ನಿರ್ದೇಶಕನಿಗೆ ಆ ತುಣುಕು ನೆನಪಾಗಿದೆ. ಗೆಳೆತನದ ಚಿತ್ರದ ಕೊನೆಗೆ, ಹೆಸರುಗಳು ತೆರೆಯ ಮೇಲೆ ಹೋಗುವಾಗ, ನಿಜವಾದ ಗೆಳತಿಯರ ಕುಚೇಷ್ಟೆ ಇದ್ದರೆ ಜನ ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಅವನ ಮಾತು.

‘ಹೇಗೂ ಸಹಿ ಇದೆಯಲ್ಲ ಅಕ್ಕಾ.’

‘ಸಹಿ ಇದೆ, ಒಪ್ಪಿಗೆ ಇಲ್ಲ. ನಾಲ್ಕು ದಿನ ಕೊಡಿ.’

ಇವತ್ತು ನಾಲ್ಕನೆಯ ದಿನ. ಚೀಲದಲ್ಲಿರುವ ಹಳೆಯ ಹಾಳೆ ಬಣ್ಣದಕ್ಕ ಅವತ್ತು ಸಹಿ ಹಾಕಿದ್ದೇ. ಆರು ವರ್ಷ ಯಾರಿಗೂ ಕೊಡದೆ ಇಟ್ಟುಕೊಂಡು, ಮನೆಯ ಟ್ರಂಕಿನ ತಳದಿಂದ ತೆಗೆದದ್ದು.

ಏಳೂವರೆಗೆ ಬಂಕಿನ ಕೆಲಸ ಮುಗಿಯುತ್ತದೆ. ಸಹಿಯಕ್ಕ ಬಾಟಲಿಗೆ ಹೊಸ ನೀರು ತುಂಬಿಸಿಕೊಂಡು ಬಸ್ಸು ಹತ್ತುತ್ತಾರೆ. ಮುಕ್ಕಾಲು ಗಂಟೆಯ ದಾರಿಯಲ್ಲಿ ಅವರ ಬೆರಳು ಅವರದೇ ಮೊಣಕಾಲಿನ ಮೇಲಿರುತ್ತದೆ, ತಟ್ಟುವುದಿಲ್ಲ. ಬಣ್ಣದಕ್ಕ ಈಗ ಬಟ್ಟೆ ಅಂಗಡಿಗಳಿಗೆ ಗೊಂಬೆ ಮಾಡಿಕೊಡುವ ಕಾರ್ಖಾನೆಯಲ್ಲಿದ್ದಾರೆ. ತಗಡಿನ ಮಾಡಿನ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಬೋಳು ತಲೆಗಳು. ದಿನಕ್ಕೆ ನಲವತ್ತು ಮುಖಕ್ಕೆ ಹುಬ್ಬು, ತುಟಿ ಬರೆಯಬೇಕು. ಪಕ್ಕದಲ್ಲಿ ಇನ್ನೂ ನಾಲ್ಕು ಹೆಂಗಸರು ಅದೇ ಕೆಲಸದಲ್ಲಿದ್ದಾರೆ.

ಬಣ್ಣದಕ್ಕ ತಲೆಯೆತ್ತುತ್ತಾರೆ, ನೋಡುತ್ತಾರೆ, ಮತ್ತೆ ಹುಬ್ಬಿಗೆ ಬಗ್ಗುತ್ತಾರೆ. ಸಹಿಯಕ್ಕ ಬಾಟಲಿ ಚಾಚುತ್ತಾರೆ. ‘ನೀರು ಕುಡಿ.’

‘ಆರು ವರ್ಷ ತಡವಾಗಿ ತಂದಿದ್ದೀಯ.’

ಬಾಟಲಿಯನ್ನು ಮೇಜಿನ ಮೇಲೆ, ತಲೆಗಳ ನಡುವೆ ಇಟ್ಟು ಸಹಿಯಕ್ಕ ಬಂದ ಕಾರಣ ಹೇಳುತ್ತಾರೆ. ಏನನ್ನೂ ಮುಚ್ಚಿಡುವುದಿಲ್ಲ.

‘ಹಾಕ್ಕೊಳ್ಳಲಿ ಬಿಡು. ಸಹಿ ಹಾಕಿ ಕೊಟ್ಟಿದ್ದೀನಲ್ಲ.’

‘ಅದು ಸಹಿ ಅಲ್ಲ ಕಣೇ. ನಿನ್ನ ಕೈ ನಡುಗ್ತಿತ್ತು.’

ಕುಂಚ ನಿಲ್ಲುತ್ತದೆ. ಸಹಿಯಕ್ಕ ಚೀಲದಿಂದ ತೆಗೆದ ಹಳೆಯ ಹಾಳೆಯನ್ನು ಬಣ್ಣದಕ್ಕ ಕೈ ಚಾಚಿ ಇಸಿದುಕೊಂಡು ಬಿಡಿಸಿ ನೋಡುತ್ತಾರೆ. ಹೆಸರು ಗೆರೆಯಿಂದ ಜಾರಿ ಹಾಳೆಯ ಅಂಚಿಗೆ ಹೋಗಿದೆ. ಅವರು ಅದನ್ನು ಪಕ್ಕಕ್ಕಿಟ್ಟು, ‘ಓದು. ಅವತ್ತು ಓದಲಿಲ್ಲ ನೀನು,’ ಎನ್ನುತ್ತಾರೆ.

ಸಹಿಯಕ್ಕ ಹೊಸ ಹಾಳೆ ತೆಗೆದು ಮೊದಲ ಸಾಲಿನಿಂದ ಓದುತ್ತಾರೆ. ಪಕ್ಕದ ಹೆಂಗಸರ ಕೈಗಳೂ ನಿಧಾನವಾಗುತ್ತವೆ. ಹನ್ನೊಂದನೆಯ ಸಾಲು ಬರುತ್ತದೆ. ಭೂಮಿಯ ಮೇಲಾಗಲಿ, ಭೂಮಿಯ ಆಚೆಗಾಗಲಿ. ಸಹಿಯಕ್ಕನ ಧ್ವನಿ ಅಲ್ಲಿ ಅರೆಗಳಿಗೆ ಕಾಯುತ್ತದೆ. ಮೇಜಿನ ಮೇಲೆ ಯಾರ ಬೆರಳೂ ತಟ್ಟುವುದಿಲ್ಲ. ತುಟಿ ಬರೆಯುತ್ತಿದ್ದ ಪಕ್ಕದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕು, ಬಣ್ಣದಕ್ಕನ ಮುಖ ನೋಡಿ ಸುಮ್ಮನಾಗುತ್ತಾಳೆ. ಓದು ಮುಂದುವರಿಯುತ್ತದೆ.

ಹತ್ತೊಂಬತ್ತನೆಯ ಸಾಲು ಮುಗಿದ ಮೇಲೆ ಸಹಿಯಕ್ಕ ಎಂದಿನ ಮಾತನ್ನೇ ಕೇಳುತ್ತಾರೆ. ‘ಇದಕ್ಕೆ ನಿಮ್ಮ ಒಪ್ಪಿಗೆ ಇದೆಯಾ?’ ಹಳೆಯ ರೂಢಿ, ನಿನ್ನ ಎನ್ನಬೇಕಾದಲ್ಲಿ ನಿಮ್ಮ ಎಂದು ಬಾಯಿಗೆ ಬಂದಿದೆ.

‘ಇಲ್ಲ,’ ಎನ್ನುತ್ತಾರೆ ಬಣ್ಣದಕ್ಕ. ‘ಈಗ ಹೋಗು. ನಲವತ್ತು ಮುಗಿಸಬೇಕು.’

ಸಹಿಯಕ್ಕ ಹಳೆಯ ಹಾಳೆಗೆ ಕೈ ಚಾಚುವುದಿಲ್ಲ. ಅದನ್ನು ಅಲ್ಲೇ ಬಿಟ್ಟು ಬಾಗಿಲಿಗೆ ನಡೆಯುತ್ತಾರೆ. ತಿರುಗಿ ನೋಡಿದಾಗ ಬಣ್ಣದಕ್ಕ ಹಾಳೆಯನ್ನು ಮಗುಚಿ ಹಾಕಿ, ಅದರ ಬೆನ್ನಿಗೆ ಕುಂಚ ಒರೆಸುತ್ತಿದ್ದಾರೆ.

ಬಸ್ ನಿಲ್ದಾಣದಿಂದ ಸಹಿಯಕ್ಕ ನಿರ್ದೇಶಕನಿಗೆ ಫೋನು ಮಾಡುತ್ತಾರೆ. ‘ಒಪ್ಪಲಿಲ್ಲ.’

‘ಹಳೇ ಹಾಳೆ ಇದೆಯಲ್ಲ?’

‘ಇಲ್ಲ. ಆ ಸಹಿ ಯಾರದೋ ಅವರಿಗೇ ಕೊಟ್ಟೆ.’

‘ಅಕ್ಕಾ, ನಿಮ್ಮನ್ನ ಇಟ್ಕೊಂಡಿರೋದು ಸಹಿ ತರೋಕೆ. ವಾಪಸ್ ಕೊಡೋಕಲ್ಲ. ಮುಂದಿನ ಸಿನಿಮಾ ವಿಷಯ ಆಮೇಲೆ ಮಾತಾಡೋಣ.’ ಆಮೇಲೆ ಎಂದರೆ ಏನೆಂದು ಅವರಿಗೆ ಗೊತ್ತು. ಆಸ್ಪತ್ರೆಯವರೂ ಇದೇ ಮಾತು ಹೇಳಿದ್ದರು.

ಕಲ್ಲುಬೆಂಚಿನ ಮೇಲೆ ಕೂತು ಅವರು ಮೊಣಕಾಲು ನೀವಿಕೊಳ್ಳುತ್ತಾರೆ. ಹೆಗಲಿನ ಚೀಲ ಹಗುರವಾಗಿದೆ. ಕೆಲಸ ಹೋದರೆ ಏನು ಮಾಡುತ್ತೀರಿ ಎಂದರೆ, ‘ಏನೋ ಒಂದು,’ ಎನ್ನುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ.

‘ಬಾಟಲಿ ಅಲ್ಲೇ ಬಿಟ್ಟು ಬಂದಿದ್ದೀನಿ. ಅದನ್ನ ವಾಪಸ್ ಕೊಡೋಕೆ ಅವಳು ಬರಲಿ ಅಂತ ಅಲ್ಲ. ಅಷ್ಟು ದೊಡ್ಡ ಆಸೆ ಇಟ್ಕೋಬಾರದು. ಕೆಲಸದ ನಡುವೆ ಬಾಯಾರುತ್ತಲ್ಲ, ಒಂದು ಗುಟುಕು ಕುಡಿದಿದ್ರೆ ಸಾಕು.’