ಮಾಪಕ್ಕನ ಕೋಲು
ಮಾಪಿನ ಕೋಲನ್ನು ಮೊಟಕು ಮಾಡಲು ಒಪ್ಪಲಿಲ್ಲವೆಂದು ಮಾಪಕ್ಕನ ಮೂರು ತಿಂಗಳ ಸಂಬಳವನ್ನು ಕಾರ್ಖಾನೆ ಇನ್ನೂ ಕೊಟ್ಟಿಲ್ಲ, ಆದರೂ ಮರದ ನೆಲ ಒರೆಸುವ ಮಾಪು ರೂಪಿಸುವುದರಲ್ಲಿ ಅವಳನ್ನು ಮೀರಿಸುವವರು ಹುಟ್ಟಿಲ್ಲ. ಬಟ್ಟೆ ಹಿಂಡಿ, ಹಲಗೆಯ ಮೇಲೆ ಒಮ್ಮೆ ಎಳೆದು, ಕೆನ್ನೆಯನ್ನು ನೆಲಕ್ಕೆ ಆನಿಸಿ ನೋಡುತ್ತಾಳೆ; ಹತ್ತು ಉಸಿರಿನೊಳಗೆ ತೇವ ಆರದಿದ್ದರೆ ಆ ಬಟ್ಟೆ ಕಸದ ಬುಟ್ಟಿಗೆ. "ಮರ ನೀರು ಕುಡಿದ್ರೆ ಹೊಟ್ಟೆ ಉಬ್ಬಿಸ್ಕೊಂಡು ಕೂರತ್ತೆ, ಬೈಗುಳ ಮಾತ್ರ ಒರೆಸಿದವಳಿಗೆ," ಎನ್ನುವುದು ಅವಳ ನಿತ್ಯಮಂತ್ರ. ಹಲಗೆಯ ಸಂದಿಯಲ್ಲಿ ಅಡಗಿದ ಧೂಳು ಅವಳ ಹೆಜ್ಜೆ ಸಪ್ಪಳ ಕೇಳಿದರೆ ತಾನೇ ಎದ್ದು ಬರುತ್ತದೆಂದು ಜೊತೆಯವರು ಆಣೆ ಮಾಡಿ ಹೇಳುತ್ತಾರೆ. "ಅಕ್ಕಾ, ಒಂದು ಗೇಣು ಕಡಿಮೆ ಮಾಡು, ಪ್ಯಾಕಿಂಗ್ ಡಬ್ಬಿಲಿ ಹಿಡಿಸ್ತಿಲ್ಲ," ಎಂದು ಮ್ಯಾನೇಜರ್ ಗೋಗರೆದರೆ, "ಡಬ್ಬಿ ಉದ್ದ ಮಾಡ್ಸಿ ಸಾರ್, ಹೆಂಗಸ್ರ ಬೆನ್ನೇನು ಮಡಚೋ ಕುರ್ಚೀನಾ?" ಎನ್ನುತ್ತಾಳೆ. ಕೋಲಿನ ಉದ್ದ ಸರಿಯಿದೆಯೇ ಎಂದು ಹಿಡಿದು ನೋಡಲು ಮಾತ್ರ ನೆಟ್ಟಗೆ ನಿಲ್ಲಬಲ್ಲ ಇನ್ನೊಬ್ಬಳನ್ನು ಕರೆಯುತ್ತಾಳೆ, ಏಕೆಂದರೆ ಇಪ್ಪತ್ತು ವರ್ಷ ಗಿಡ್ಡ ಕೋಲಿನಲ್ಲಿ ಕಂಡವರ ಮನೆ ಒರೆಸಿದ ಅವಳ ಸೊಂಟ ಬಗ್ಗಿದ್ದು ಬಗ್ಗಿದಂತೆಯೇ ಉಳಿದಿದೆ. ತಾನೇ ಮಾಡಿದ ಕೋಲಿನ ಹಿಡಿ ಅವಳ ತಲೆಗಿಂತ ಮೇಲಿದೆ. ಓದುತ್ತಿರುವವರೇ, ಈಗಲೇ ಎದ್ದು ನಿಮ್ಮ ಮನೆಯ ಮಾಪನ್ನು ಅದನ್ನು ಹಿಡಿಯುವವರ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಅವರ ಭುಜಕ್ಕೆ ಬರದಿದ್ದರೆ ಇವತ್ತೇ ಬದಲಾಯಿಸಿ.