ಒಂದು ಕಾಲಿಲ್ಲದ ಪೆಟ್ಟಿಗೆ

ಮಧ್ಯಾಹ್ನದ ಹೊತ್ತಿಗೆ ರಾಯದುರ್ಗದ ನಮ್ಮ ಮಹಡಿ ಕೋಣೆಗೆ ಬೆಟ್ಟದ ಬಂಡೆಗಳ ಕಾವು ಬರುತ್ತದೆ. ಕಿಟಕಿ ಮುಚ್ಚಿ, ಫ್ಯಾನು ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತು ನಾನು ಇಂಗ್ಲೆಂಡಿನ ಒಂದು ಮನೆಯೊಳಕ್ಕೆ ಹೋಗುತ್ತಿದ್ದೆ. ಆ ಮನೆ ಈಗಿಲ್ಲ. ಅಲ್ಲಿದ್ದವರು ಹೋಗಿ ಮುನ್ನೂರು ವರ್ಷದ ಮೇಲಾಗಿರಬೇಕು. ಆದರೂ ಬಾಗಿಲ ಬಲಗಡೆ ಏನಿತ್ತು, ಅಟ್ಟದ ಮೇಲೆ ಏನಿತ್ತು, ಯಾವ ಕಂಬಳಿ ಹಳೆಯದು, ಯಾವ ಪಾತ್ರೆಯ ತಳ ತೂತಾಗಿತ್ತು ಎಂಬುದೆಲ್ಲ ನನಗೆ ಗೊತ್ತಿತ್ತು.

ಆ ಕಾಲದಲ್ಲಿ ಅಲ್ಲಿ ಒಬ್ಬ ಸತ್ತರೆ ನೆರೆಯ ಮೂರು ನಾಲ್ಕು ಜನ ಸೇರಿ, ಅವನ ಮನೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತಾ ಕಂಡ ಸಾಮಾನನ್ನೆಲ್ಲ ಬರೆದಿಡುತ್ತಿದ್ದರು. ಸತ್ತವನ ಉಯಿಲಿನ ಜೊತೆ ಆ ಪಟ್ಟಿಯನ್ನೂ ಸೇರಿಸಿ ಕಟ್ಟಿಡುತ್ತಿದ್ದರು. ಹೀಗೆ ಉಳಿದ ಕಾಗದಗಳನ್ನು ಓದುವುದೆಂದರೆ ಆ ನೆರೆಯವರ ಹಿಂದೆ ಹಿಂದೆಯೇ ನಡೆಯುವುದು. ಅವರು ಮೆಟ್ಟಿಲು ಹತ್ತಿದರೆ ನೀವೂ ಹತ್ತಬೇಕು. ಅವರು ನೋಡದೆ ಬಿಟ್ಟ ಮೂಲೆ ನಿಮಗೂ ಕಾಣುವುದಿಲ್ಲ.

ಆ ಕಾಲದ ಕೈಬರಹ ಓದಲು ನನಗೆ ಎಂ.ಎ. ಓದುವಾಗ ಒಬ್ಬ ಮೇಷ್ಟ್ರು ಕಲಿಸಿದ್ದರು. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದೆ, ಒಂದು ದಿನವೂ ಅದು ಬೇಕಾಗಲಿಲ್ಲ. ನಿವೃತ್ತನಾದ ಮೇಲೆ ಹೊತ್ತು ಹೋಗದೆ, ವಂಶಾವಳಿ ಹುಡುಕುವವರ ಒಂದು ವೆಬ್‌ಸೈಟಿನಲ್ಲಿ ಯಾರೋ ಕೇಳಿದ ಒಂದು ಸಾಲು ಓದಿಕೊಟ್ಟೆ. ಅಲ್ಲಿಂದ ಒಬ್ಬ ಇಂಗ್ಲಿಷ್ ಹೆಂಗಸು ನನಗೆ ಪತ್ರ ಬರೆಯತೊಡಗಿದರು. ಅವರೂ ನಿವೃತ್ತ ಶಿಕ್ಷಕಿ, ಎಪ್ಪತ್ತು ದಾಟಿದವರು. ತಮ್ಮ ಮನೆತನದ ಹಳೆಯ ಉಯಿಲುಗಳ, ಪಟ್ಟಿಗಳ ಫೋಟೋಗಳನ್ನು ಒಂದೊಂದಾಗಿ ಕಳಿಸುತ್ತಿದ್ದರು.

ಕುರಿ, ಉಣ್ಣೆ, ಮಗ್ಗದ ಮನೆತನ ಅದು. ಕುರಿಗಳನ್ನು ಪಟ್ಟಿಯಲ್ಲಿ ಹಲ್ಲಿನ ಲೆಕ್ಕದಲ್ಲಿ ಬರೆದಿದ್ದರು, ಎರಡು ಹಲ್ಲಿನವು, ನಾಲ್ಕು ಹಲ್ಲಿನವು ಎಂದು. ಇದನ್ನು ಗುಮ್ಮಗಟ್ಟದ ಕುರಿ ಸಾಕುವವನೊಬ್ಬನಿಗೆ ದೊಡ್ಡ ಸುದ್ದಿಯಂತೆ ಹೇಳಿದೆ. ಕುರಿಯ ವಯಸ್ಸು ಬೇರೆ ಎಲ್ಲಿ ನೋಡುತ್ತಾರೆ, ಬಾಲದಲ್ಲಾ ಎಂದು ಅವನು ನಕ್ಕ.

ದಿನ ಕಳೆದಂತೆ ಆ ಮನೆ ನನ್ನೊಳಗೆ ಸೇರಿಕೊಂಡಿತು. ಊಟ ಮಾಡಿ ಒರಗಿದರೆ ಸಾಕು, ಅದರ ತಣ್ಣನೆಯ ಕಲ್ಲುನೆಲ ಕಾಲಿಗೆ ತಾಕುತ್ತಿತ್ತು. ಒಮ್ಮೊಮ್ಮೆ ಅಲ್ಲಿಯ ಅಡಿಗೆಮನೆಯ ಗೂಟಕ್ಕೆ ನಮ್ಮಜ್ಜಿಯ ಜರಡಿ ನೇತಾಡುತ್ತಿರುತ್ತಿತ್ತು. ಒಮ್ಮೊಮ್ಮೆ ನಮ್ಮಜ್ಜಿಯ ಮನೆಯ ಹೊಸ್ತಿಲ ಆಚೆ ಮಂಜು ಸುರಿಯುತ್ತಿತ್ತು. ಕೆಳಗಿಂದ ನನ್ನ ಹೆಂಡತಿ ಕೂಗುವವರೆಗೂ ಎರಡರಲ್ಲಿ ಯಾವುದರಲ್ಲಿದ್ದೇನೆ ಎಂಬ ಚಿಂತೆ ಇರುತ್ತಿರಲಿಲ್ಲ.

"ಸತ್ತವ್ರ ಅಡಿಗಿಮನ್ಯಾಗ ಎಷ್ಟೊತ್ತು ಕೂಡ್ತೀರಿ? ಇಲ್ಲಿ ಚಾ ಆರಾಕತ್ತೈತಿ, ಬರ್ರಿ," ಎನ್ನುತ್ತಿದ್ದಳು.

ಆ ಶಿಕ್ಷಕಿಗೆ ಬೇಕಾಗಿದ್ದದ್ದು ಒಂದೇ. ಉತ್ತರದ ಒಂದು ಹಳ್ಳಿಯಲ್ಲಿ ಒಬ್ಬ ನೇಕಾರ ಸತ್ತಿದ್ದ. ದೂರದ ದಕ್ಷಿಣದ ಪೇಟೆಯೊಂದರಲ್ಲಿ, ನಲವತ್ತು ವರ್ಷದ ಮೇಲೆ, ಅದೇ ಹೆಸರಿನ ಇನ್ನೊಬ್ಬ ಸತ್ತಿದ್ದ. ಎರಡನೆಯವನು ಶಿಕ್ಷಕಿಯ ಪೂರ್ವಜ ಎಂಬುದು ಖಚಿತವಾಗಿತ್ತು. ಮೊದಲನೆಯವನು ಅವನ ತಂದೆ ಹೌದೋ ಅಲ್ಲವೋ ಎಂಬುದೇ ಪ್ರಶ್ನೆ. ಆ ಕಾಲದಲ್ಲಿ ಒಂದೇ ಹೆಸರು ಊರಿಗೆ ಹತ್ತು ಜನಕ್ಕೆ ಇರುತ್ತಿತ್ತು. ಶಿಕ್ಷಕಿಯ ಅಣ್ಣ ಆಯುಷ್ಯದ ಅರ್ಧ ಇದನ್ನೇ ಹುಡುಕಿದ್ದರು. ಈಗ ಅವರು ಹಾಸಿಗೆ ಹಿಡಿದಿದ್ದರು. ಅವರ ಹುಟ್ಟುಹಬ್ಬದ ದಿನ ಪೂರ್ತಿಯಾದ ವಂಶವೃಕ್ಷವನ್ನು ಓದಿ ಹೇಳಬೇಕೆಂದು ತಂಗಿಯ ಆಸೆ.

ನೇಕಾರನ ಉಯಿಲಿನಲ್ಲಿ ಒಂದು ಮಾತಿತ್ತು. ಊರು ಬಿಟ್ಟುಹೋದ ಮಗ ತಿರುಗಿ ಬಂದರೆ ಅವನಿಗೆ ಹಳೆಯ ಪೆಟ್ಟಿಗೆ ಕೊಡಬೇಕು. ದಕ್ಷಿಣದವನ ಮನೆಯ ಪಟ್ಟಿಯಲ್ಲಿ, ಮೆಟ್ಟಿಲ ಕೆಳಗೆ, "ಒಂದು ಕಾಲಿಲ್ಲದ ಹಳೆಯ ಪೆಟ್ಟಿಗೆ" ಎಂದಿತ್ತು. ಒಂದು ಮಧ್ಯಾಹ್ನ ನಾನು ನೇಕಾರನ ಮನೆಯ ಪಟ್ಟಿಯನ್ನು ದೊಡ್ಡದು ಮಾಡಿಕೊಂಡು ಓದುತ್ತಿದ್ದಾಗ ಅಲ್ಲಿಯೂ ಅದೇ ಕಂಡಿತು: ಮಹಡಿಯ ಕೋಣೆಯಲ್ಲಿ, ಒಂದು ಕಾಲಿಲ್ಲದ ಹಳೆಯ ಪೆಟ್ಟಿಗೆ. ಅದೇ ಪೆಟ್ಟಿಗೆ ಎಂದು ಬರೆದು ಕಳಿಸಿದೆ. ಹೆಸರು ಹತ್ತು ಜನಕ್ಕಿರಬಹುದು, ಕುಂಟು ಪೆಟ್ಟಿಗೆ ಹತ್ತು ಇರುವುದಿಲ್ಲ. ಆಕೆ ಕೂಡಲೇ ಉತ್ತರಿಸಿದರು. ಆ ಪತ್ರದಲ್ಲಿ ವಾಕ್ಯಗಳು ಪೂರ್ತಿಯಾಗಿರಲಿಲ್ಲ. ಅತ್ತಿದ್ದರೆಂದು ಕಾಣುತ್ತದೆ.

ಎರಡು ತಿಂಗಳಾದ ಮೇಲೆ, ಅಣ್ಣನಿಗೆ ಓದಿ ಹೇಳಲು ಆ ಸಾಲು ಮೂಲದಲ್ಲಿ ಹೇಗಿದೆಯೋ ಹಾಗೆಯೇ ಬೇಕು ಎಂದು ಕೇಳಿದರು. ತೆರೆದು ನೋಡಿದೆ. "ಒಂದು ಹಳೆಯ ಪೆಟ್ಟಿಗೆ" ಎಂದಿತ್ತು. ಅದರ ಮುಂದೆ ಎರಡು ಬೆರಳಗಲ ನೀರಿನ ಕಲೆ. ಕಲೆಯೊಳಗೆ ಏನೋ ಗೀಚಿದಂತಿತ್ತು, ಏನೂ ಇಲ್ಲದಂತೆಯೂ ಇತ್ತು. ಕಾಲು ಎಲ್ಲಿಯೂ ಕಾಣಲಿಲ್ಲ.

ಇಂಥ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಊಹಿಸಿ ಓದಿದ್ದನ್ನು ಚೌಕ ಕಂಸದೊಳಗೆ ಹಾಕಬೇಕು. ನಾನು ಹಾಕಿರಲಿಲ್ಲ. ಎಂದರೆ ಆ ದಿನ ನಾನು ಊಹಿಸಲಿಲ್ಲ, ಕಂಡೆ. ಬೆಳಕು ಹೆಚ್ಚಿಸಿ, ಕಡಿಮೆ ಮಾಡಿ, ನಾಲ್ಕು ದಿನ ನೋಡಿದೆ. ಐದನೆಯ ದಿನ, ಅರೆನಿದ್ದೆಯಲ್ಲಿ, ಆ ಪೆಟ್ಟಿಗೆ ಬೇರೆ ಕಡೆ ಕಾಣಿಸಿತು. ಮಡಕಶಿರದಲ್ಲಿ, ಅಜ್ಜಿಯ ಮನೆಯ ಅಂಗಳದಲ್ಲಿ, ಬಿಸಿಲಿಗೆ. ಒಂದು ಮೂಲೆಗೆ ಕಾಲಿನ ಬದಲು ಕಲ್ಲು ಕೊಟ್ಟಿದ್ದರು. ನಾನು ಅದರೊಳಗೆ ಮಲಗಿದ್ದೆ. ಕಂಬಳಿಯ ವಾಸನೆ ಬರುತ್ತಿತ್ತು, ಪೆಟ್ಟಿಗೆ ತೊಟ್ಟಿಲಿನಂತೆ ಓಲಾಡುತ್ತಿತ್ತು.

ಈ ನೆನಪು ನಿಜವೇ? ನನ್ನ ನೆನಪನ್ನು ನಾನು ನಂಬುವವನಲ್ಲ. ಓದಿದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಆದದ್ದೆಂದು ಅದು ಎಷ್ಟೋ ಸಲ ನನಗೆ ದಾಟಿಸಿದೆ. ಆದರೆ ಈ ಸಲ ಲೆಕ್ಕ ಸರಳವಾಗಿತ್ತು. ಮಡಕಶಿರದಲ್ಲಿ ಅಂಥ ಪೆಟ್ಟಿಗೆ ಇರಲೇ ಇಲ್ಲವೆಂದಾದರೆ, ಕಾಲಿಲ್ಲದ್ದನ್ನು ನಾನು ಆ ಕಾಗದದ ಕಲೆಯೊಳಗೇ ಕಂಡಿರಬೇಕು. ತಂದೆ ಮಗ ಒಂದಾಗಿಯೇ ಉಳಿಯುತ್ತಾರೆ. ಇತ್ತೆಂದಾದರೆ, ಅಜ್ಜಿಯ ಪೆಟ್ಟಿಗೆಯನ್ನು ಒಯ್ದು ಇಂಗ್ಲೆಂಡಿನ ಮಹಡಿಯಲ್ಲಿಟ್ಟವನು ನಾನೇ.

ಕಲ್ಯಾಣದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಪಾವಗಡಕ್ಕೆ ಒಂದು, ಅಲ್ಲಿಂದ ಮಡಕಶಿರಕ್ಕೆ ಇನ್ನೊಂದು. ದಾರಿಯುದ್ದಕ್ಕೂ ಬಸ್ಸಿನ ಬೋರ್ಡಿನ ಅಕ್ಷರ ತೆಲುಗಾಗುತ್ತಿತ್ತು, ಕನ್ನಡವಾಗುತ್ತಿತ್ತು, ಮತ್ತೆ ತೆಲುಗಾಗುತ್ತಿತ್ತು. ಬಾಲ್ಯದ ಒಂದು ನೆನಪು ಸುಳ್ಳಾಗಲಿ ಎಂದು ಬಯಸುತ್ತಾ ಅಜ್ಜಿಯ ಊರಿಗೆ ಹೋಗುವುದು ವಿಚಿತ್ರವಾದ ಪ್ರಯಾಣ. ಕಿಟಕಿಯಾಚೆ ಕಡಲೆಕಾಯಿ ಹೊಲಗಳು, ಗುಂಡುಕಲ್ಲುಗಳು ಹಿಂದೆ ಹೋಗುತ್ತಿದ್ದವು. ಕಣ್ಣು ಮುಚ್ಚಿದಾಗಲೆಲ್ಲ ಪೆಟ್ಟಿಗೆ ಓಲಾಡುತ್ತಿತ್ತು.

ಆ ಮನೆಯ ಅರ್ಧದಲ್ಲಿ ಈಗ ನನ್ನ ಸಣ್ಣ ಮಾವನ ಹೆಂಡತಿ, ನನ್ನ ಅತ್ತೆ, ಮಗ ಸೊಸೆಯ ಜೊತೆ ಇದ್ದಾರೆ. ಮಾವ ತೀರಿಕೊಂಡು ಕೆಲವು ವರ್ಷವಾಯಿತು. ಅತ್ತೆ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದವರು ನನ್ನನ್ನು ಕಂಡು ಗಾಬರಿಯಾದರು.

"ಯಾರಾನ ಹೋಗ್ಬಿಟ್ರೇನಪ್ಪ ಅಳಿಯ, ಹೇಳ್ದೆ ಕೇಳ್ದೆ ಬಂದಿದ್ದೀಯ?"

"ಯಾರೂ ಇಲ್ಲ ಅತ್ತೆ. ಮನೆ ನೋಡೋಣ ಅಂತ ಬಂದೆ."

"ಮನೆ ಎಲ್ಗೋಗುತ್ತೆ, ಇಲ್ಲೇ ಐತೆ. ಮದ್ಲು ಕೂತ್ಕ."

ಪೆಟ್ಟಿಗೆಯ ಮಾತು ನಾನಾಗಿ ಎತ್ತಬಾರದೆಂದು ಬಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿ ಪಡೆದ ಸಾಕ್ಷಿಗೆ ಬೆಲೆಯಿಲ್ಲ. ಪಾಲಾಗುವ ಮುಂಚೆ ಮನೆಯಲ್ಲಿ ಏನೇನಿತ್ತು, ಬಾಗಿಲಿಂದ ಶುರುಮಾಡಿ ಹೇಳಿ ಎಂದಷ್ಟೇ ಕೇಳಿದೆ. ಅತ್ತೆ ಮೊದಲು ನಕ್ಕರು. ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು.

ಇಂಗ್ಲೆಂಡಿನ ಆ ನೆರೆಯವರು ಕೋಣೆಯಿಂದ ಕೋಣೆಗೆ ನಡೆದಿದ್ದರು. ಅತ್ತೆ ಕೆಲಸದಿಂದ ಕೆಲಸಕ್ಕೆ ನಡೆದರು. ಬಾಗಿಲ ಹಿಂದಿನ ಕಸಬರಿಕೆ ತಗೊಂಡರು, ಸಗಣಿಯ ಬುಟ್ಟಿ ತಗೊಂಡರು. ಆಮೇಲೆ ನೀರಿನ ಕೊಡಗಳು, ಒಲೆ, ಊದುಕೊಳವೆ, ರಾಗಿಕಲ್ಲು. ಕೈ ಯಾವುದನ್ನು ಮೊದಲು ಹಿಡಿಯುತ್ತಿತ್ತೋ ಅದು ಮೊದಲು ಬರುತ್ತಿತ್ತು. ಇಡೀ ಮನೆ ಬೆಳಗಿನಿಂದ ಸಂಜೆಗೆ ಹೊರಳುತ್ತಾ ನಮ್ಮ ಸುತ್ತ ಎದ್ದಿತು. ನಡುವೆ ಎದ್ದಿದ್ದ ಪಾಲಿನ ಗೋಡೆ ಕರಗಿಹೋಯಿತು. ನಾನು ಬರೆದುಕೊಳ್ಳುವುದನ್ನೂ ಮರೆತೆ. ದೀಪ ಹಚ್ಚುವ ಹೊತ್ತಾಯಿತು, ರಾತ್ರಿಗೆ ಹಾಸುವ ಕೆಲಸ ಬಂತು. ಕಂಬಳಿ ತೆಗೆಯಲು ಅತ್ತೆಯ ಕೈ ಗಾಳಿಯಲ್ಲಿ ಒಂದು ಮುಚ್ಚಳ ಎತ್ತಿತು.

"ಕಂಬ್ಳಿ ಪೆಟ್ಗೆ," ಎಂದರು. ಕಣ್ಣು ತೆರೆದು ನನ್ನನ್ನು ನೋಡಿದರು. "ಆ ಕುಂಟ್ ಪೆಟ್ಗೆ. ನಿನ್ ದೆಸೆಯಿಂದ ನನ್ ತಾಮ್ರದ ಹಂಡೆ ಹೋಗಿದ್ದು, ಗೊತ್ತೇನಪ್ಪ?"

ಗೊತ್ತಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ. ಅತ್ತೆ ಹೇಳಿದ್ದು ಇಷ್ಟು. ಆ ಮನೆಯಲ್ಲಿ ಪಾಲು ಮಾಡುವುದು ಹಿರಿಯ, ಆರಿಸುವುದು ಕಿರಿಯ. ಆರಿಸುವವನು ಬಾಯಿ ಬಿಡುವಂತಿಲ್ಲ. ಬೇಕಾದ ಗುಡ್ಡೆಯನ್ನು ಕೈಯಿಂದ ಮುಟ್ಟಬೇಕು. ಮುಟ್ಟಿದರೆ ಮುಗಿಯಿತು, ತಿರುಗಿ ಮಾತಿಲ್ಲ. ದೊಡ್ಡ ಮಾವ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಎರಡು ಗುಡ್ಡೆ ಮಾಡಿದ್ದರು. ಒಂದರಲ್ಲಿ ಹಂಡೆ ಇತ್ತು. ಇನ್ನೊಂದರಲ್ಲಿ ಕಾಲು ಮುರಿದು ಕಲ್ಲಿನ ಮೇಲೆ ನಿಂತ ಪೆಟ್ಟಿಗೆ. ಹಂಡೆಯ ಗುಡ್ಡೆ ಮುಟ್ಟಬೇಕೆಂದು ಅತ್ತೆ ಹಿಂದಿನ ದಿನವೇ ಮಾವನಿಗೆ ಹೇಳಿಕೊಟ್ಟಿದ್ದರು. ಸಣ್ಣ ಮಾವ ಅತ್ತ ಹೊರಟವರು, ಖಾಲಿ ಪೆಟ್ಟಿಗೆಯಲ್ಲಿ ನಾನು ಮಲಗಿದ್ದನ್ನು ಕಂಡರು. ಮುಖಕ್ಕೆ ಬಿಸಿಲು ಬೀಳುತ್ತಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದು ನೆರಳು ಮಾಡಲು ಬಗ್ಗಿದಾಗ ಕೈ ಪೆಟ್ಟಿಗೆಯ ಅಂಚಿಗೆ ಊರಿತು.

"ಮುಟ್ದ, ಮುಟ್ದ ಅಂದ್ರು ಎಲ್ರೂ. ನಿಮ್ ಮಾವ ಸುಮ್ನೆ ನಕ್ರು."

ಪೆಟ್ಟಿಗೆ ಈಗ ಎಲ್ಲಿದೆ ಎಂದು ಕೇಳಿದೆ. ಹುಳುವಿನ ತಟ್ಟೆಗಳ ಹಿಂದೆ ತೋರಿಸಿದರು. ಹಳೇ ಗೋಣಿಚೀಲ ತುಂಬಿತ್ತು. ಮೊಬೈಲಿನ ಟಾರ್ಚ್ ಹಿಡಿದು ನೆಲಕ್ಕೆ ಬಗ್ಗಿದೆ. ಕಾಲು ನಾಲ್ಕಿದ್ದವು. ಒಂದು ಕ್ಷಣ ನನಗೆ ಹಿಗ್ಗಾಯಿತು, ಸುಳ್ಳಲ್ಲ. ಆಮೇಲೆ ಕೈಯಿಂದ ಸವರಿದೆ. ಮೂರು ಕಾಲು ಕಡೆದವು, ಕಪ್ಪು ಮರ. ನಾಲ್ಕನೆಯದು ಬರೀ ಚೌಕದ ತುಂಡು, ಬೇವಿನದು, ಕಬ್ಬಿಣದ ಮೊಳೆ ಹೊಡೆದು ಕೂರಿಸಿದ್ದು. ಮಾವ ಆಮೇಲೆ ಹಾಕಿಸಿದ್ದಂತೆ.

ನನ್ನ ನೆನಪು ನಿಜವಾಗಿತ್ತು. ಆಯುಷ್ಯದಲ್ಲಿ ಅಪರೂಪಕ್ಕೆ ಒಮ್ಮೆ ಅದು ಪೂರ್ತಿ ನಿಜ ಹೇಳಿತ್ತು, ಆ ನಿಜ ಬೇರೆಯವರ ತಂದೆಯನ್ನು ಕಿತ್ತುಕೊಂಡಿತು.

ಹುಟ್ಟುಹಬ್ಬಕ್ಕೆ ಇನ್ನು ಒಂಬತ್ತು ದಿನವಿತ್ತು. ರಾಯದುರ್ಗಕ್ಕೆ ಬಂದು ಪತ್ರ ಬರೆಯಲು ಕೂತೆ. ಸುಮ್ಮನಿದ್ದುಬಿಡಬಹುದು ಎನಿಸಿತು. ಹಾಸಿಗೆ ಹಿಡಿದ ಮನುಷ್ಯ ಆ ಕಲೆಯನ್ನು ನೋಡಿ ಪರೀಕ್ಷಿಸುವುದಿಲ್ಲ. ಹೆಂಡತಿ ಎಲ್ಲ ಕೇಳಿ, "ಆ ಯಪ್ಪ ಅರ್ಧ ಆಯುಷ್ಯ ಹುಡುಕಿದ್ದು ಖರೇ ಸಂಗತಿನ್ನ ಅಲ್ರಿ? ನಿಮ್ಮ ಪೆಟ್ಟಿಗಿ ಯಾಕ ಕೊಡ್ತೀರಿ ಅವ್ರಿಗೆ," ಎಂದಳು. ಬರೆದೆ. ಅಂಗಳದ ಎರಡು ಗುಡ್ಡೆ, ಮುಟ್ಟುವ ರೂಢಿ, ಟವೆಲ್ಲು, ಬೇವಿನ ಕಾಲು, ಎಲ್ಲವನ್ನೂ ಬರೆದೆ. ತಂದೆ ಮಗ ಇರಬಹುದು, ಆದರೆ ಹೌದೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ತಪ್ಪು ನನ್ನದು ಎಂದೆ.

ಹತ್ತು ದಿನ ಉತ್ತರವಿಲ್ಲ. ಹನ್ನೊಂದನೆಯ ದಿನ ಬಂತು. ಬಹಳ ಬೇಸರವಾಯಿತು ಎಂದು ಆಕೆ ಮುಚ್ಚುಮರೆಯಿಲ್ಲದೆ ಬರೆದಿದ್ದರು. ವಂಶವೃಕ್ಷದಲ್ಲಿ ಆ ಎರಡು ಹೆಸರಿನ ನಡುವಿನ ಗೆರೆಯನ್ನು ತಾವೇ ಅಳಿಸಿ, ಆ ಜಾಗ ಖಾಲಿ ಬಿಟ್ಟು, ಅಣ್ಣನಿಗೆ ನನ್ನ ಪತ್ರವನ್ನೂ ಓದಿ ಹೇಳಿದ್ದರು. ಅಣ್ಣ ಒಂದೇ ಪ್ರಶ್ನೆ ಕೇಳಿದರಂತೆ: ಪಾಲಾದ ಮೇಲೆ ಪೆಟ್ಟಿಗೆ ಒಳಗೊಯ್ಯುವಾಗ ಆ ಮಗುವಿಗೆ ಎಚ್ಚರವಾಯಿತೇ?

ಅತ್ತೆಗೆ ಫೋನು ಮಾಡಿದೆ.

"ಇಲ್ಲ ಕಣಪ್ಪ. ನಿದ್ದೆ ಕೆಡ್ತದೆ ಅಂತ ಅಣ್ಣ ತಮ್ಮ ಇಬ್ರೂ ಆ ಕಡಿಗೊಬ್ರು ಈ ಕಡಿಗೊಬ್ರು ಹಿಡ್ಕಂಡು ಹಂಗೇ ಎತ್ಕಂಬಂದ್ರು. ಆಮ್ಯಾಕೆ ಅವರಿಬ್ರೂ ಕೂಡಿ ಇನ್ನೇನೂ ಎತ್ಲಿಲ್ಲ."

ಹಾಗಾದರೆ ಆ ಓಲಾಟ ಕಾಲಿನ ಬದಲಿಟ್ಟ ಕಲ್ಲಿನದಲ್ಲ. ಮಾವಂದಿರಿಬ್ಬರೂ ಎತ್ತಿ ನಡೆದದ್ದರದು ಇರಬೇಕು. ಅಥವಾ ಅತ್ತೆ ಹೇಳಿದ ಮೇಲೆ ನನಗೆ ಹಾಗೆ ಅನ್ನಿಸುತ್ತಿದೆಯೋ ಏನೋ. ಅತ್ತೆಯ ಮಾತನ್ನು ಹಾಗೆಯೇ ಬರೆದು, ಕೆಳಗೆ ನನ್ನದೊಂದು ಸಾಲು ಸೇರಿಸಿದೆ: ಇಬ್ಬರು ಎತ್ತಿದ್ದು ನನಗೂ ನೆನಪಿದೆ. ಅದಕ್ಕೆ ಕಂಸ ಹಾಕಲೋ ಬೇಡವೋ ಎಂದು, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಚಹಾ ಆರುವವರೆಗೂ ಕೂತಿದ್ದೆ. ಹಾಕಿಯೇ ಕಳಿಸಿದೆ.